ಕೈ ಅಲುಗಿದರೆ ಓಡುವ ವಾಚು

ನನಗೊಂದು ಕೆಟ್ಟ ಚಾಳಿಯಿದೆ. ಯಾರೇ ಎದುರಾದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಮುಖಕ್ಕಲ್ಲ, ಮಣಿಕಟ್ಟಿಗೆ. ಮೂವತ್ತು ವರ್ಷ ಗಡಿಯಾರ ಮಾರಿದವನ ಕಣ್ಣು ಇನ್ನೆಲ್ಲಿಗೆ ಹೋದೀತು? ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಹೆಸರು, ಊರು ತಿಳಿಯುವ ಮೊದಲೇ ಅವರ ಬೆಲ್ಟು ಸವೆದಿದೆ, ಗಾಜು ಗೀಚಿದೆ, ಐದು ನಿಮಿಷ ಹಿಂದಿದೆ ಎಂಬುದು ನನಗೆ ತಿಳಿದುಬಿಟ್ಟಿರುತ್ತದೆ. ಒಮ್ಮೆ ದೂರದ ನೆಂಟರೊಬ್ಬರು ತೀರಿಕೊಂಡಾಗ ಹಾರ ಹಾಕಲು ಬಗ್ಗಿದವನು ಅವರ ಕೈ ನೋಡಿ, "ಪರವಾಗಿಲ್ಲ, ಇನ್ನೂ ಓಡ್ತಾ ಅದೆ" ಅಂದುಬಿಟ್ಟೆ. ವಾಚು ನಮ್ಮ ಅಂಗಡಿಯದು, ಆ ಹೆಮ್ಮೆಗೆ ಬಾಯಿಗೆ ಬಂದ ಮಾತು. ಸುತ್ತ ನಿಂತಿದ್ದವರಲ್ಲಿ ಇಬ್ಬರು ತೀರಿಕೊಂಡವರ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. ಅಂದಿನಿಂದ ನನ್ನ ಹೆಂಡತಿ ಸರ್ವಮಂಗಳ ಸಾವಿನ ಮನೆಗೆ ನನ್ನನ್ನು ಒಬ್ಬನೇ ಕಳಿಸುವುದಿಲ್ಲ.

ನಮ್ಮದು ಎರಡು ಅಂಗಡಿ. ಚಾಮರಾಜನಗರದ್ದು ಅಪ್ಪನ ಕಾಲದ್ದು, ಅದನ್ನು ನೋಡಿಕೊಳ್ಳುವವಳು ಸರ್ವಮಂಗಳ. ಅಲ್ಲಿ ಗೋಡೆ ಗಡಿಯಾರ, ಅಲಾರಂ, ಶಾಲೆಯ ಬಹುಮಾನಕ್ಕೆ ಕೊಡುವ ಟೈಮ್‌ಪೀಸು ಇವೆಲ್ಲ ತರಕಾರಿಯ ಹಾಗೆ ಖರ್ಚಾಗುತ್ತವೆ. ಬಾಗಿಲ ಪಕ್ಕ ಒಂದು ಪುಟ್ಟ ಮೇಜು, ಅದರ ಹಿಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಅಜೀಜ್ ಭಾಯಿ. ಅಪ್ಪನ ಕಾಲದಿಂದಲೂ ರಿಪೇರಿ ಅವರದೇ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ಇನ್ನೊಂದು ಅಂಗಡಿ ನನ್ನ ಸ್ವಂತ ಬುದ್ಧಿಯದು. ಊಟಿಗೆ ಹೋಗುವ ಸಿರಿವಂತರೆಲ್ಲ ಈ ರಸ್ತೆಯಲ್ಲೇ ಹೋಗಬೇಕಲ್ಲ, ಟೀ ಕುಡಿಯಲು ಇಳಿದವರು ವಾಚನ್ನೂ ಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಇಳಿಯುವುದೇನೋ ಇಳಿಯುತ್ತಾರೆ. ನೇರವಾಗಿ ನನ್ನ ಅಂಗಡಿಗೇ ಬರುತ್ತಾರೆ. ಬಂದು, ಇಲ್ಲಿ ಟಾಯ್ಲೆಟ್ಟು ಎಲ್ಲಿದೆ ಎಂದು ಕೇಳುತ್ತಾರೆ.

ಹೀಗಿರುವಾಗ ಒಂದು ದಿನ ಬೆಂಗಳೂರಿನಿಂದ ಕೋಟು ತೊಟ್ಟ ಅಧಿಕಾರಿಯೊಬ್ಬರು ಬಂದರು. ವೆರ್ಲಾನ್ ಎಂಬ ಸ್ವಿಟ್ಜರ್ಲೆಂಡಿನ ವಾಚು ಕಂಪನಿಯವರಂತೆ. ಸಣ್ಣ ಊರುಗಳಲ್ಲೂ ದುಬಾರಿ ವಾಚು ಮಾರಿ ನೋಡಬೇಕೆಂದು ಅವರ ಮೇಲಿನವರಿಗೆ ಹೊಳೆದಿತ್ತು. ಊಟಿ ರಸ್ತೆ ಎಂಬ ಎರಡು ಶಬ್ದಕ್ಕೆ ಅವರೂ ನನ್ನಂತೆಯೇ ಮರುಳಾದರು. ಒಳಗೆ ದೀಪ ಉರಿಯುವ, ಬೀಗ ಹಾಕುವ ಒಂದು ಗಾಜಿನ ಕಪಾಟು, ಅದರಲ್ಲಿ ನೀಲಿ ಮಖಮಲ್ಲಿನ ಮೇಲೆ ಮೂರೇ ಮೂರು ವಾಚು. ಷರತ್ತು ಒಂದೇ. ವರ್ಷದೊಳಗೆ ಒಂದಾದರೂ ಮಾರಬೇಕು, ಮಾರಿದ್ದು ವಾಪಸು ಬರಬಾರದು. ಇಲ್ಲವಾದರೆ ಕಪಾಟು ಮೈಸೂರಿನ ಯಾವುದಾದರೂ ಅಂಗಡಿಗೆ. ಸರ್ವಮಂಗಳ ಬಂದು ನೋಡಿದಳು. "ಇಷ್ಟು ದೊಡ್ಡ ಕಪಾಟಲ್ಲಿ ಮೂರೇನಾ? ಈ ಜಾಗದಲ್ಲಿ ಇಪ್ಪತ್ತು ಗೋಡೆ ಗಡಿಯಾರ ನೇತಾಕಬೌದಿತ್ತು" ಅಂದಳು. ಜಾಗ ಖಾಲಿ ಬಿಡುವುದೇ ದೊಡ್ಡಸ್ತಿಕೆಯ ಲಕ್ಷಣ ಎಂದು ಅಧಿಕಾರಿ ಹೇಳಿಕೊಟ್ಟಿದ್ದನ್ನು ನಾನು ಅವಳಿಗೆ ಒಪ್ಪಿಸಿದೆ. "ಹಂಗಾದ್ರೆ ನಿಮ್ಮ ತಲೆ ಭಾರಿ ದೊಡ್ಡಸ್ತಿಕೆದು ಬುಡಿ" ಅಂದಳು.

ಕಂಪನಿಯವರು ನನ್ನನ್ನು ಬೆಂಗಳೂರಿಗೆ ಕರೆಸಿ ಎರಡು ದಿನ ತರಬೇತಿಯನ್ನೂ ಕೊಟ್ಟರು. ಅಲ್ಲಿ ಕಲಿತದ್ದು ಮೂರು. ಒಂದು, ಗಿರಾಕಿಗೆ ಬೆಲೆ ಹೇಳುವಾಗ ದನಿ ತಗ್ಗಿಸಬೇಕು. ಎರಡು, ಯಂತ್ರದ ವಿಷಯ ಹೆಚ್ಚು ಬಿಚ್ಚಬಾರದು, ಪರಂಪರೆ, ತಲೆಮಾರು, ಮೊಮ್ಮಕ್ಕಳು ಎಂದೆಲ್ಲ ಮಾತಾಡಬೇಕು. ಮೂರು, ವಾಚನ್ನು ಬರಿಗೈಯಲ್ಲಿ ಮುಟ್ಟಬಾರದು, ಬಿಳಿ ಗವುಸು ಹಾಕಿಕೊಳ್ಳಬೇಕು. ಗವುಸು ಹಾಕಿಕೊಂಡು ಕೂತ ಮೊದಲ ದಿನವೇ ಸೆಲ್ ಹಾಕಿಸಲು ಬಂದ ಅಜ್ಜನೊಬ್ಬ ನನ್ನ ಕೈಗಳನ್ನು ಬಹಳ ಹೊತ್ತು ನೋಡಿ, "ಕೈ ಸುಟ್ಕಂಡ್ರಾ ಅಣ್ಣ? ಲೋಳೆಸರ ಹಚ್ಚಿ, ಎಲ್ಡೇ ದಿನಕ್ಕೆ ವಾಸಿಯಾಯ್ತದೆ" ಅಂದ. ಮಾರನೆಯ ದಿನ ಒಂದು ಕಂತೆ ಲೋಳೆಸರವನ್ನೂ ತಂದು ಕೊಟ್ಟ. ಅಷ್ಟು ಅಕ್ಕರೆಯಿಂದ ತಂದದ್ದನ್ನು ಬೇಡವೆನ್ನಲು ಮನಸ್ಸಾಗದೆ ಮನೆಗೆ ಒಯ್ದೆ.

ಬ್ರ್ಯಾಂಡು ಬ್ರ್ಯಾಂಡು ಎಂದು ತರಬೇತಿಯಲ್ಲಿ ಬಡಿದುಕೊಂಡರಲ್ಲ, ನಮ್ಮ ಕಡೆ ಬ್ರ್ಯಾಂಡೆಂದರೆ ಏನೆಂದು ಅವರು ನನ್ನನ್ನು ಕೇಳಬೇಕಿತ್ತು. ನಮ್ಮ ಗಿರಾಕಿ ವಾಚನ್ನು ಮೊದಲು ನೋಡುವುದಿಲ್ಲ, ಅಂಗೈಯಲ್ಲಿಟ್ಟು ತೂಗುತ್ತಾನೆ. ತೂಕ ಬಂದರೆ ಅರ್ಧ ಒಪ್ಪಿಗೆ. ಆಮೇಲೆ ಬಾಕ್ಸು. ಮದುವೆಯಲ್ಲಿ ವರನಿಗೆ ವಾಚು, ಉಂಗುರ ಕೊಡುವುದು ನಮ್ಮಲ್ಲಿ ರೂಢಿ. ಧಾರೆ ಮುಗಿದ ಮೇಲೆ ಹುಡುಗಿಯ ಅಣ್ಣನೋ ತಮ್ಮನೋ ನಾಲ್ಕು ಜನ ನೋಡುವಂತೆ ಬಾಕ್ಸು ತೆರೆದು ಭಾವನ ಕೈಗೆ ಕಟ್ಟಬೇಕು. ನೋಡುವ ನಾಲ್ಕು ಜನಕ್ಕೆ ದೂರದಿಂದ ಕಾಣುವುದು ಬಾಕ್ಸೇ ಹೊರತು ವಾಚಲ್ಲ. ಆರುನೂರು ರೂಪಾಯಿಯ ವಾಚು ಕೊಂಡವರೊಬ್ಬರು, ಗಾಜಿನ ಕಪಾಟಿನಲ್ಲಿದ್ದ ವೆರ್ಲಾನಿನ ಮರದ ಪೆಟ್ಟಿಗೆ ತೋರಿಸಿ, "ಅದ ಒಂದಿನಕ್ಕೆ ಕೊಟ್ಟಿರಿ, ಮದ್ವೆ ಮುಗುದ್‌ಮ್ಯಾಕೆ ತಂದ್ಕೊಡ್ತೀವಿ" ಅಂದಿದ್ದರು. ಚೈನು ದೊಡ್ಡದಾಗಿ ಎರಡು ಕೊಂಡಿ ತೆಗೆದೆವೆನ್ನಿ, ತೆಗೆದ ಕೊಂಡಿಯನ್ನು ಕೇಳಿ ಪಡೆಯದೆ ಯಾರೂ ಮೆಟ್ಟಿಲು ಇಳಿಯುವುದಿಲ್ಲ. ಇನ್ನು ಗಾಜಿನ ಮೇಲೆ ಅಂಟಿಸಿರುತ್ತಾರಲ್ಲ, ತೆಳ್ಳನೆಯ ಪ್ಲಾಸ್ಟಿಕ್ಕು, ಅದನ್ನು ಕೀಳುವುದು ಮಹಾಪಾಪ. ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ವಾಚಿನ ಪ್ಲಾಸ್ಟಿಕ್ಕು ಹಾಗೇ ಇರುವ ಎಷ್ಟೋ ಗಂಡಂದಿರು ನನಗೆ ಗೊತ್ತು.

ಹತ್ತು ತಿಂಗಳು ಕಪಾಟಿನ ದೀಪ ಸುಮ್ಮನೆ ಉರಿಯಿತು. ವೆರ್ಲಾನಿನ ಹೆಸರು ಮೊದಲೇ ಬಲ್ಲ ಒಬ್ಬನೇ ಒಬ್ಬ ಬಂದಿದ್ದ. ಗಲ್ಫಿನಿಂದ ಬಂದು ವಯನಾಡಿಗೆ ಹೊರಟಿದ್ದ ಮಲಯಾಳಿ. ಕಪಾಟಿಗೆ ಮೂಗು ತಾಗಿಸಿ ನೋಡಿ, "ಚೇಟ್ಟಾ, ಇದು ಒರಿಜಿನಲ್ ಆಣೋ?" ಎಂದು ಕೇಳಿದ. ಹೌದಪ್ಪಾ ಅಂದೆ. ಗುಂಡ್ಲುಪೇಟೆಯಲ್ಲಿ ಒರಿಜಿನಲ್ ವೆರ್ಲಾನ್ ಎಂಬುದು ಅವನಿಗೆ ಎಷ್ಟು ತಮಾಷೆಯಾಗಿ ಕಂಡಿತೆಂದರೆ, ಕಪಾಟಿನ ಪಕ್ಕ ನಿಂತು ಒಂದು ಫೋಟೊ ತೆಗೆಸಿಕೊಂಡು ಹೊರಟುಹೋದ. ಫೋಟೊ ತೆಗೆದುಕೊಟ್ಟವನು ನಾನೇ.

ಕಪಾಟು ಮೈಸೂರಿಗೆ ಹೋಗಲು ಎರಡು ತಿಂಗಳಿದೆ ಎನ್ನುವಾಗ ಬೇಗೂರಿನ ನಾಗಮಲ್ಲಪ್ಪ ಬಂದರು. ಬಾಳೆ, ಅರಿಸಿನ ಬೆಳೆಯುವ, ಕಡಿಮೆ ಮಾತಿನ ಮನುಷ್ಯ. ಒಬ್ಬಳೇ ಮಗಳು ರೂಪಾಳನ್ನು ಹರವೆಗೆ ಕೊಡುತ್ತಿದ್ದರು. ಹುಡುಗ ಮಹೇಶ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. "ನಮ್ ಬೀಗ್ರು ಏನೂ ಕೇಳ್ನಿಲ್ಲ ಕಣಣ್ಣ" ಅಂದರು ನಾಗಮಲ್ಲಪ್ಪ, ಅದೊಂದು ದೊಡ್ಡ ಕಷ್ಟವೆಂಬಂತೆ. "ಕೇಳ್ದೋರ್ಗೆ ಕೇಳ್ದಷ್ಟ್ ಕೊಟ್ಟು ಕೈ ತೊಳ್ಕಬೌದು. ಕೇಳ್ದೆ ಇರೋರ್ಗೆ ಏನ್ ಕೊಟ್ರೂ ಕಮ್ಮಿಯೇ. ಈ ಸೀಮೇಲಿ ಯಾರೂ ಕೊಟ್ಟಿರ್ಬಾರ್ದು, ಅಂತದ್ ಒಂದ್ ಗಡಿಯಾರ ತೋರ್ಸಿ."

ನನ್ನ ಕೈ ತಾನಾಗಿ ಗವುಸಿಗೆ ಹೋಯಿತು. ಕಪಾಟು ತೆರೆದು, ಮೂರರಲ್ಲಿ ಅತಿ ತೂಕದ್ದನ್ನು ಅವರ ಅಂಗೈಗಿಟ್ಟೆ. ತೂಗಿದರು. ಕಣ್ಣು ಅರಳಿತು. ಬೆಲೆಯನ್ನು ದನಿ ತಗ್ಗಿಸಿಯೇ ಹೇಳಿದೆ. ಅಷ್ಟಕ್ಕೆ ಒಂದು ಜೊತೆ ಒಳ್ಳೆಯ ಎತ್ತು ಬರುತ್ತಿತ್ತು. ವಾಚನ್ನು ಹಿಂದುಮುಂದು ತಿರುಗಿಸಿ, "ಇದ್ಕೆ ಸೆಲ್ಲು?" ಅಂದರು. ಇಲ್ಲೇ ನೋಡಿ ನಾನು ಎಡವಿದ್ದು. ಇದು ಸೆಲ್ಲು ಬೇಡದ ವಾಚು, ಕೀ ಕೊಡುವ ಹಾಗೂ ಇಲ್ಲ, ಕಟ್ಟಿಕೊಂಡವರ ಕೈ ಅಲುಗಿದಂತೆ ಒಳಗೊಂದು ಚಕ್ರ ತಿರುಗಿ ತಾನೇ ಓಡುತ್ತದೆ, ಬಿಚ್ಚಿಟ್ಟರೆ ಎರಡು ದಿನಕ್ಕೆ ನಿಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಿತ್ತು. ನಾನು ತರಬೇತಿಯಲ್ಲಿ ಕಲಿತ ದನಿಯಲ್ಲಿ, "ಸೆಲ್ಲೂ ಬೇಡ, ಕೀನೂ ಬೇಡ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡ್ತದೆ" ಅಂದೆ. ಕೈ ಅಲುಗುವ ಮಾತನ್ನು ಹೇಳಲೇ ಇಲ್ಲವೆಂದಲ್ಲ, ಮೆಟ್ಟಿಲು ಇಳಿದು ಹೋಗುತ್ತಿದ್ದವರ ಬೆನ್ನಿಗೆ ಹೇಳಿದೆ. ಆಗಲೇ ಊಟಿ ಬಸ್ಸು ಹಾರನ್ ಹೊಡೆಯಿತು. ನನ್ನ ಆತ್ಮಸಾಕ್ಷಿಗೆ ಆ ಹಾರನ್ನೇ ದೊಡ್ಡ ಆಸರೆ.

ಅವತ್ತು ನಾನು ಮನೆಗೆ ಹೋದದ್ದು ನೆಲಕ್ಕೆ ಕಾಲು ತಾಗಿಸದೆ. ಅಧಿಕಾರಿಗೆ ಫೋನು ಮಾಡಿದೆ. ಅವರಿಗೆ ನನಗಿಂತ ಹೆಚ್ಚು ಆಶ್ಚರ್ಯ. ಸಂತೋಷಕ್ಕೆ ನನಗೂ ಒಂದು ವೆರ್ಲಾನ್ ಕಳಿಸಿಕೊಟ್ಟರು. ಸ್ವಲ್ಪ ಕೆಳಗಿನ ದರ್ಜೆಯದು, ಆದರೆ ಅದೂ ಕೈ ಅಲುಗಿದರೆ ಓಡುವಂಥದ್ದೇ. ಮಾರುವವನ ಕೈಯಲ್ಲಿ ಅದೇ ವಾಚು ಇರಬೇಕಂತೆ. ಕಟ್ಟಿಕೊಂಡು ಸರ್ವಮಂಗಳನ ಮುಂದೆ ನಾಲ್ಕು ಸಲ ತಲೆ ಸವರಿಕೊಂಡೆ. "ತಲೇಲಿ ಹೇನಾ?" ಎಂದು ಕೇಳಿದಳು.

ಮದುವೆಯಾಗಿ ಎರಡು ವಾರಕ್ಕೆ ನಾಗಮಲ್ಲಪ್ಪ ಗುಂಡ್ಲುಪೇಟೆಯ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. "ಗಡಿಯಾರ ನಿಂತ್ಕಬುಡ್ತು ಕಣಣ್ಣ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಾರೋ ನೆಂಟರು ಬಂದಿದ್ದರಂತೆ, ಅವರಿಗೆ ತೋರಿಸೋಣವೆಂದು ಬೀಗಿತಿ ಬೀರು ತೆಗೆದರೆ ಮುಳ್ಳು ಅಲುಗುತ್ತಿಲ್ಲ. "ನಿಮ್ಮಪ್ಪ ಸತ್ತೋದ್ ಗಡಿಯಾರ ಕೊಟ್ಟವ್ನೆ, ಮದ್ವೆ ಗಡಿಯಾರ ನಿಂತ್ರೆ ಮನೆಗೆ ಒಳ್ಳೇದಲ್ಲ ಅಂತ ಅಂದವ್ರೆ. ನನ್ ಮಗ್ಳು ಪೋನ್ನಲ್ಲಿ ಅಳ್ತಳೆ. ನಾನು ಯಾವತ್ತೂ ಒಬ್ರಿಗೆ ಕೆಟ್ಟುದ್ ಕೊಟ್ಟೋನಲ್ಲ ಕಣಣ್ಣ. ಬಾಳೆಗೊನೇಲೂ ಕೊಳ್ತದ್ನ ಎತ್ತಿಟ್ಟು ಕೊಡೋನು." ಅಷ್ಟು ಹೇಳಿ ನನ್ನ ಮುಖವನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ನಾನೂ ಒಬ್ಬರ ಮಣಿಕಟ್ಟು ಬಿಟ್ಟು ಮುಖ ನೋಡಿದೆ. ನಾಚಿಕೆಯಾಯಿತು. ವಾಚು ವಾಪಸು ಬಂದರೆ ಕಪಾಟು ಹೋಗುತ್ತದೆಂಬ ಭಯವೂ ಜೊತೆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹುಡುಗಿ ಹೊಸ ಮನೆಯಲ್ಲಿ ನನ್ನ ಒಂದು ಡೌಲಿನ ಮಾತಿಗೆ ಅಳುತ್ತಿದ್ದಾಳಲ್ಲ ಎಂಬುದು ಎದೆಗೆ ಚುಚ್ಚಿತು.

ಮಾರನೆಯ ಸಂಜೆ ಅಜೀಜ್ ಭಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹರವೆಗೆ ಹೋದೆ. ನಾಗಮಲ್ಲಪ್ಪ ಬರಲಿಲ್ಲ. ಗಡಿಯಾರ ಓಡುವ ತನಕ ಬೀಗರ ಹೊಸಿಲು ತುಳಿಯುವುದಿಲ್ಲ ಅಂದರು. ಮಹೇಶನ ತಾಯಿ ಚಿಕ್ಕತಾಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾವು ಬಂದ ಕಾರಣ ಕೇಳಿ ಎದ್ದು, ಸೊಂಟದಿಂದ ಬೀಗದಕೈ ತೆಗೆದು, ಬೀರು ತೆರೆದರು. ಬೀರುವಿನೊಳಗೆ ಟ್ರಂಕು, ಟ್ರಂಕಿನೊಳಗೆ ರೇಷ್ಮೆ ಸೀರೆ, ಸೀರೆಯ ಮಡಿಕೆಯೊಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅರಿಸಿನ ಕುಂಕುಮ ಇಟ್ಟ ನನ್ನ ವೆರ್ಲಾನ್. ಪ್ಲಾಸ್ಟಿಕ್ಕು ಹಾಗೇ ಇತ್ತು. ಮದುವೆಯ ರಾತ್ರಿ ಬಿಚ್ಚಿ ಇಟ್ಟದ್ದು, ಬೀಗರೂಟದ ಮಾರನೆಯ ದಿನ ಕೊನೆಯುಸಿರೆಳೆದಿತ್ತು.

"ನೋಡಪ್ಪ" ಅಂದರು ಚಿಕ್ಕತಾಯಮ್ಮ. "ಎಷ್ಟ್ ಜ್ವಾಪಾನ್ವಾಗಿ ಮಡಗಿದ್ದೀನಿ. ಒಂದ್ ನರಪಿಳ್ಳೆ ಮುಟ್ಟಿಲ್ಲ. ಮುಟ್ದೆ ಇದ್ರೂ ಕೆಟ್ಟೋಯ್ತದಾ?"

"ಮುಟ್ದೆ ಇದ್ದುದ್ಕೇ ನಿಂತಿರೋದು ಕಣವ್ವ. ಇದ ದಿನಾ ಕಟ್ಕಬೇಕು."

"ಮದ್ವೇಲಿ ಕೊಟ್ಟುದ್ನ ದಿನಾ ಕಟ್ಕಂಡ್ ತಿರ್ಗಕಾಯ್ತದಾ? ರೇಸ್ಮೆ ಸೀರೆ ಉಟ್ಕಂಡು ಯಾರಾರ ಸಗಣಿ ಬಾಚಾರಾ?"

ಅಜೀಜ್ ಭಾಯಿ ಕೈ ಚಾಚಿ ವಾಚು ತೆಗೆದುಕೊಂಡರು. ಕೂಸಿಗೆ ಔಷಧಿ ಕುಡಿಸುವ ಮುಂಚೆ ಶೀಶೆ ಅಲುಗಿಸುತ್ತಾರಲ್ಲ, ಹಾಗೆ ಏಳೆಂಟು ಸಲ ಮೆಲ್ಲಗೆ ಅಲುಗಿಸಿದರು. ಸೆಕೆಂಡಿನ ಮುಳ್ಳು ಒಮ್ಮೆ ನಡುಗಿ ಹೊರಟಿತು. ಚಿಕ್ಕತಾಯಮ್ಮ ಅದನ್ನು ಕಿವಿಗೆ ಹಿಡಿದುಕೊಂಡರು. "ಜೀವ ಬಂತು" ಅಂದರು, ತಮ್ಮಷ್ಟಕ್ಕೆ ತಾವು. ಬಾಗಿಲ ಸಂದಿಯಲ್ಲಿ ನಿಂತಿದ್ದ ರೂಪ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೈ, ಚಕ್ರ, ಎರಡು ದಿನ. ತಪ್ಪು ನಾಗಮಲ್ಲಪ್ಪನವರದಲ್ಲ, ಸರಿಯಾಗಿ ಹೇಳದ ನನ್ನದು ಅಂತಲೂ ಹೇಳಿದೆ.

ಹಾಗಾದರೆ ಕಟ್ಟುವವರು ಯಾರು? ಮಹೇಶನ ಕಾರ್ಖಾನೆಯಲ್ಲಿ ಮಿಷನ್ನಿನ ಹತ್ತಿರ ಹೋಗುವವರು ಕೈಗೆ ಏನೂ ಕಟ್ಟುವಂತಿಲ್ಲ. ಭಾನುವಾರ ಮಾತ್ರ ಕಟ್ಟಿದರೆ ಮಂಗಳವಾರಕ್ಕೆ ನಿಲ್ಲುತ್ತದೆ. ಆಗ ನಾನು ನನ್ನ ಪಾಂಡಿತ್ಯ ಪ್ರದರ್ಶನಕ್ಕೆ ಕೈಹಾಕಿದೆ. ಕಟ್ಟಿಕೊಳ್ಳದೆ ಇಟ್ಟ ವಾಚನ್ನು ತಿರುಗಿಸುತ್ತಲೇ ಇರುವ ಕರೆಂಟಿನ ಪೆಟ್ಟಿಗೆಯೊಂದಿದೆ, ತೊಟ್ಟಿಲಿದ್ದ ಹಾಗೆ ಅಂದೆ. ಚಿಕ್ಕತಾಯಮ್ಮ ನನ್ನನ್ನೂ, ಸೊಸೆಯನ್ನೂ, ಮತ್ತೆ ನನ್ನನ್ನೂ ನೋಡಿದರು. "ಗಡಿಯಾರ್ಕೆ ತೊಟ್ಲು ಕಟ್ಬುಟ್ರೆ, ನಾಳೆ ಮೊಮ್ಮಗ ಬಂದ್ರೆ ಎಲ್ಲಿ ಮನಗ್ಸನ?" ರೂಪ ಬಾಗಿಲ ಹಿಂದೆ ಮಾಯವಾದಳು.

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಕೂಗಿತು. ಹಾಲು ಕರೆಯುವ ಹೊತ್ತು. ಚಿಕ್ಕತಾಯಮ್ಮ ವಾಚನ್ನು ಪೆಟ್ಟಿಗೆಗೆ ಇಡುವುದೋ ಬಿಡುವುದೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಆಗ ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು. "ಅತ್ತೆ, ನೀವೇ ಕಟ್ಕಳಿ. ಈ ಮನೇಲಿ ನಿಮ್ಮಷ್ಟು ಕೈ ಆಡ್ಸೋರು ಯಾರವ್ರೆ?"

ನಾನು ಮೂವತ್ತು ವರ್ಷದ ವ್ಯಾಪಾರದಲ್ಲಿ ಇಷ್ಟು ಚೆನ್ನಾದ ಒಂದು ಮಾತು ಆಡಿಲ್ಲ. "ನಂಗ್ಯಾಕವ್ವ, ಈ ವಯ್ಸ್ನಲ್ಲಿ" ಅಂದರು ಚಿಕ್ಕತಾಯಮ್ಮ. ಅನ್ನುತ್ತಲೇ ಬಳೆಗಳನ್ನು ಮೇಲಕ್ಕೆ ತಳ್ಳಿ ಎಡಗೈ ಮುಂದೆ ಚಾಚಿದರು. ಚೈನು ಸಡಿಲ. ಅಜೀಜ್ ಭಾಯಿ ಮೂರು ಕೊಂಡಿ ತೆಗೆದು ಕಟ್ಟಿದರು. "ತಗ್ದಿದ್ದೆಲ್ಲಿ?" ಎಂದು ಅವುಗಳನ್ನು ಕೇಳಿ ಪಡೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಚಿಕ್ಕತಾಯಮ್ಮ ಚೆಂಬು ಹಿಡಿದು ಕೊಟ್ಟಿಗೆಗೆ ನಡೆದರು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಸ್ವಿಟ್ಜರ್ಲೆಂಡಿನಲ್ಲೂ ಹಸುಗಳೇ ಹೆಚ್ಚಂತೆ. ಆ ವಾಚಿಗೆ ತವರು ನೆನಪಾಗಿರಬೇಕು, ಅಷ್ಟು ಚೆನ್ನಾಗಿ ಓಡುತ್ತಿತ್ತು.

ಆಮೇಲಿನದು ಕೇಳಿ. ವಾಚು ಇವತ್ತಿಗೂ ನಿಂತಿಲ್ಲ. ಎರಡು ಹೊತ್ತು ಹಾಲು, ಸಗಣಿ, ಕಳೆ, ಮುದ್ದೆ ತಿರುವುವುದು, ಅಂಗಳ ಗುಡಿಸುವುದು, ನಿಲ್ಲಲು ಅದಕ್ಕೆ ಪುರುಸೊತ್ತಾದರೂ ಎಲ್ಲಿದೆ? ಬಟ್ಟೆ ಒಗೆಯುವಾಗ ಮಾತ್ರ ಬಿಚ್ಚಿ ಸೊಸೆಯ ಕೈಗೆ ಕಟ್ಟುತ್ತಾರಂತೆ. ಆ ಅರ್ಧ ಗಂಟೆ ರೂಪ ಕೂರುವಂತಿಲ್ಲ. ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿಲ್ಲ. ನಾಗಮಲ್ಲಪ್ಪ ಒಂದು ಗೊನೆ ಬಾಳೆ ಹೊರಿಸಿಕೊಂಡು ಬೀಗರ ಮನೆಗೆ ಹೋಗಿ ಊಟ ಮಾಡಿ ಬಂದರು. ಇನ್ನೊಂದು ಗೊನೆಯನ್ನು ನನಗೆ ಇಳಿಸಿ ಹೋದರು. ಡೈರಿಯ ಸಾಲಿನಲ್ಲಿ ಹೆಂಗಸರು ಹೊತ್ತು ಕೇಳುವುದು ಈಗ ಚಿಕ್ಕತಾಯಮ್ಮನನ್ನೇ. ಸುತ್ತಮುತ್ತ ನಾಲ್ಕೂರಿಗೆ ವೆರ್ಲಾನಿನ ಹೆಸರು ಹಬ್ಬಿತು, ಆದರೆ ವೆರ್ಲಾನ್ ಎಂದಲ್ಲ, "ಆಲು ಕರ್ಯೋ ಗಡಿಯಾರ" ಎಂದು. ಅದನ್ನು ಕೇಳಿಕೊಂಡು ಹೆಂಗಸರು ಚಾಮರಾಜನಗರದ ಅಂಗಡಿಗೆ ಬಂದರು. ಬೆಲೆ ಕೇಳಿ ನಕ್ಕು, ಸರ್ವಮಂಗಳ ತೋರಿಸಿದ ನಾನೂರು ರೂಪಾಯಿಯದನ್ನು ಕಟ್ಟಿಕೊಂಡು ಹೋದರು. ಅಧಿಕಾರಿ ಬಂದು, ಈ ಭಾಗದಲ್ಲಿ ನಮ್ಮ ಬ್ರ್ಯಾಂಡು ಹೇಗಿದೆ ಎಂದು ವಿಚಾರಿಸಿದರು. ಮನೆಮಾತಾಗಿದೆ ಸಾರ್ ಅಂದೆ. ಕಪಾಟು ಉಳಿಯಿತು. ಉಳಿದೆರಡು ವಾಚು ಅದರಲ್ಲಿ ಹಾಗೇ ಇವೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೊದಲಿನಿಂದ ನಿಮ್ಮ ಹತ್ತಿರ ನಿಜವನ್ನೇ ಹೇಳಿಕೊಂಡು ಬಂದಿದ್ದೇನೆ. ಕಂಪನಿ ನನಗೊಂದು ವಾಚು ಕೊಟ್ಟಿತ್ತಲ್ಲ, ಅದು ಮೂರು ದಿನಕ್ಕೊಮ್ಮೆ ನಿಲ್ಲತೊಡಗಿತು. ಬೀರುವಿನಲ್ಲಲ್ಲ, ನನ್ನ ಕೈಯ ಮೇಲೆಯೇ. ಪೀಸೇ ಕೆಟ್ಟದ್ದು ಎಂದು ಅಜೀಜ್ ಭಾಯಿಗೆ ಕೊಟ್ಟೆ. ಅವರು ಒಂದು ವಾರ ತಾವೇ ಕಟ್ಟಿಕೊಂಡು ನೋಡಿ ಹಿಂದಕ್ಕೆ ಕೊಟ್ಟರು. "ವಾಚಲ್ಲಿ ಏನೂ ಫಾಲ್ಟ್ ಇಲ್ಲ ಅಣ್ಣ, ಬರಾಬರ್ ಓಡ್ತದೆ" ಅಂದರು. ಅಪ್ಪನ ಕಾಲದವರು, ದಾಕ್ಷಿಣ್ಯದ ಮನುಷ್ಯ. ಮುಂದಿನದನ್ನು ಬಾಯಿಬಿಟ್ಟು ಹೇಳದೆ, ನಾನು ಬೆಳಗಿನಿಂದ ಸಂಜೆಯವರೆಗೆ ಕೂರುವ ಮೆತ್ತನೆಯ ಕುರ್ಚಿಯನ್ನೊಮ್ಮೆ ನೆನೆಸಿಕೊಂಡವರಂತೆ ಮೇಲೆ ನೋಡಿದರು. ಸರ್ವಮಂಗಳನಿಗೆ ಆ ದಾಕ್ಷಿಣ್ಯವೆಲ್ಲ ಇಲ್ಲ. "ಹರವೆ ಅವ್ವನ ಕೈಲಿ ಓಡೋದು ನಿಮ್ಮ ಕೈಲಿ ನಿಲ್ತದೆ ಅಂದ್ರೆ, ಕೆಟ್ಟಿರೋದು ವಾಚಲ್ಲ" ಅಂದಳು.

ಅಂದಿನಿಂದ ಒಂದು ಒಪ್ಪಂದವಾಗಿದೆ. ಸಂಜೆ ನಾನು ಬಂದಾಗ ವಾಚು ಓಡುತ್ತಿದ್ದರೆ ಕಾಫಿ, ನಿಂತಿದ್ದರೆ ಮೊದಲು ಕಾಯಿ ತುರಿಯುವುದು, ಆಮೇಲೆ ಕಾಫಿ. ಹಾಗಾಗಿ ಗುಂಡ್ಲುಪೇಟೆಯಿಂದ ಬಸ್ಸು ಹೊರಟು ತೆರಕಣಾಂಬಿ ದಾಟಿದೊಡನೆ ನಾನು ಎಡಗೈಯನ್ನು ಎತ್ತಿ ಜೋರಾಗಿ ಅಲುಗಿಸಲು ಶುರುಮಾಡುತ್ತೇನೆ. ಹೊಸ ಕಂಡಕ್ಟರುಗಳು ನಾನು ಇಳಿಯಬೇಕೇನೋ ಎಂದುಕೊಂಡು ವಿಷಲ್ ಊದಿ ಬಸ್ಸು ನಿಲ್ಲಿಸಿಬಿಡುತ್ತಾರೆ. ಹಳಬರು ಪಾಪ ಅಂದುಕೊಂಡು ಸುಮ್ಮನಿರುತ್ತಾರೆ. ನಾನು ಬಾಗಿಲಿಗೆ ಬರುತ್ತಲೇ ಸರ್ವಮಂಗಳ ಎದುರು ಬಂದು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದು ಎದುರು ಮನೆಯವರು ಮಾತಾಡಿಕೊಳ್ಳುತ್ತಾರಂತೆ. ದಣಿದು ಬಂದಿದ್ದೇನೆಯೋ, ಮುಖ ಬಾಡಿದೆಯೋ, ಅದೆಲ್ಲ ಆಮೇಲೆ. ಅವಳೂ ಈಗ ಮೊದಲು ನೋಡುವುದು ಮಣಿಕಟ್ಟನ್ನೇ.